‘ಕೈ ಬಿಟ್ಟೆ’ ಎನ್ನುವ ಮಗು: ಅವಘಡದ ನಂತರದ ತಪ್ಪಿತಸ್ಥ ಭಾವ ಮತ್ತು ಸಿಟ್ಟು

ಶೋಕದಲ್ಲಿರುವ ಮಕ್ಕಳ ಬಗ್ಗೆ ನಾವು ಓದುವ ಪಠ್ಯಗಳು ತಪ್ಪಿತಸ್ಥ ಭಾವವನ್ನು ಒಂದು ಅಧ್ಯಾಯದಲ್ಲೂ ಸಿಟ್ಟನ್ನು ಮತ್ತೊಂದರಲ್ಲೂ ಇಡುತ್ತವೆ. ಹಾಸನದಲ್ಲಿ ಆಪ್ತಸಮಾಲೋಚನೆ ಕಲಿಯುತ್ತಿರುವ ನಾವು ನಾಳೆ ಆಲೂರಿನಲ್ಲೋ ಬೇಲೂರಿನಲ್ಲೋ ಒಂದು ಶಾಲೆಯ ಮೂಲೆಯ ಕೋಣೆಯಲ್ಲಿ ಕುಳಿತಾಗ, ಎದುರಿಗೆ ಬರುವ ಮಗುವಿನಲ್ಲಿ ಇವೆರಡೂ ಒಂದೇ ಗಂಟಾಗಿರುತ್ತವೆ. ಒಂದು ಎಳೆಯನ್ನು ಎಳೆದರೆ ಇನ್ನೊಂದು ಬಿಗಿಯುತ್ತದೆ. ಆದ್ದರಿಂದ ಎರಡನ್ನೂ ಜೊತೆಯಾಗಿ ಓದಬೇಕು ಎಂಬುದು ಈ ಟಿಪ್ಪಣಿಯ ನಿಲುವು.

ಓದಿಗೆ ಹಿಡಿತ ಸಿಗಲೆಂದು ಒಂದು ನಿದರ್ಶನವನ್ನು ಕಟ್ಟಿಕೊಂಡಿದ್ದೇನೆ. ಇದು ಯಾವುದೇ ಒಂದು ಮನೆಯ ಕಥೆಯಲ್ಲ. ಶುಂಠಿ ಬೆಳೆಗೆ ನೀರು ಹಿಡಿಯಲು ಅಪ್ಪ ತೋಡಿಸಿದ ಕೃಷಿ ಹೊಂಡ. ಒಳಗೆ ಪ್ಲಾಸ್ಟಿಕ್ ಹೊದಿಕೆ, ಸುತ್ತ ಬೇಲಿಯಿಲ್ಲ. ‘ತಮ್ಮನ್ನ ನೋಡ್ಕೊ’ ಎಂದು ಹೇಳಿ ಅಮ್ಮ ಕಳೆ ಕೀಳಲು ಹೋಗಿದ್ದಾಳೆ. ಐದು ವರ್ಷದ ತಮ್ಮ ಚೆಂಡಿನ ಹಿಂದೆ ಇಳಿದು ಜಾರುತ್ತಾನೆ. ಒಂಬತ್ತು ವರ್ಷದ ಅಣ್ಣ ಅವನ ಕೈ ಹಿಡಿಯುತ್ತಾನೆ, ಹಿಡಿತ ಜಾರುತ್ತದೆ, ಅವನು ಕೂಗುತ್ತ ಹೊಲದತ್ತ ಓಡುತ್ತಾನೆ. ದೊಡ್ಡವರು ಬರುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಎರಡು ತಿಂಗಳಾದ ಮೇಲೆ ಈ ಹುಡುಗ ಬೆಂಚಿನಲ್ಲಿ ಪಕ್ಕ ಕೂತವನನ್ನು ತಳ್ಳುತ್ತಾನೆ, ನೋಟ್‌ಬುಕ್ ಹರಿಯುತ್ತಾನೆ, ‘ಹುಷಾರು’ ಎಂಬ ಮಾತು ಕೇಳಿದರೆ ಕೆರಳುತ್ತಾನೆ. ಕೇಳಿದ ಪ್ರಶ್ನೆಗೆಲ್ಲ ಅವನ ಬಳಿ ಇರುವುದು ಒಂದೇ ಉತ್ತರ: ‘ನಾನು ಕೈ ಬಿಟ್ಟೆ.’

ಈ ವಾಕ್ಯದ ಮೇಲೆ ಸ್ವಲ್ಪ ನಿಲ್ಲೋಣ. ‘ಕೈ ಬಿಟ್ಟೆ’ ಎಂದರೆ ಬಿಡುವವನು ನಾನು. ಅಲ್ಲಿ ಕರ್ತೃವಿದ್ದಾನೆ, ಇಚ್ಛೆಯ ಛಾಯೆಯೂ ಇದೆ. ‘ಕೈ ತಪ್ಪಿತು’ ಎಂದರೆ ಕೈಗೆ ಮೀರಿದ್ದು ನಡೆಯಿತು. ಆದರೆ ‘ತಪ್ಪು’ ಎಂಬ ಮಾತೇ ಅಪರಾಧವನ್ನೂ ಸೂಚಿಸುತ್ತದೆ, ಗುರಿ ಜಾರುವುದನ್ನೂ ಸೂಚಿಸುತ್ತದೆ. ದೊಡ್ಡವರಾದ ನಾವು ಸಂದರ್ಭ ನೋಡಿ ಇವೆರಡನ್ನು ಬೇರ್ಪಡಿಸಿಕೊಳ್ಳುತ್ತೇವೆ. ದುಃಖದಲ್ಲಿರುವ ಮಗುವಿಗೆ ಅವು ಬೇರ್ಪಡುವುದಿಲ್ಲ. ಸಮಾಲೋಚಕರ ಕೆಲಸದ ಬಹುಪಾಲು ಈ ಎರಡು ಅರ್ಥಗಳ ನಡುವೆ ಮಗು ತಾನಾಗಿಯೇ ದಾರಿ ಕಂಡುಕೊಳ್ಳುವಂತೆ ಜೊತೆಗಿರುವುದೇ ಆಗಿದೆ.

ಮಗು ತಪ್ಪನ್ನು ಅಳೆಯುವ ಬಗೆ

ಸ್ವಿಸ್ ಮನೋವಿಜ್ಞಾನಿ ಜೀನ್ ಪಿಯಾಜೆ ೧೯೩೨ರಲ್ಲಿ ಪ್ರಕಟಿಸಿದ, ಮಕ್ಕಳ ನೈತಿಕ ತೀರ್ಮಾನಗಳ ಅಧ್ಯಯನ ಪರೀಕ್ಷೆಗೂ ಬರುತ್ತದೆ, ಇಲ್ಲಿಯೂ ಬೇಕಾಗುತ್ತದೆ. ಒಬ್ಬ ಹುಡುಗ ಬಾಗಿಲು ತೆರೆದಾಗ ಅದರ ಹಿಂದಿದ್ದ 15 ಕಪ್ಪುಗಳು ಅವನಿಗೆ ತಿಳಿಯದೆಯೇ ಒಡೆದುಹೋಗುತ್ತವೆ. ಇನ್ನೊಬ್ಬ ಕದ್ದು ಜಾಮ್ ತೆಗೆಯಲು ಹೋಗಿ ಒಂದು ಕಪ್ಪು ಒಡೆಯುತ್ತಾನೆ. ಯಾರದು ದೊಡ್ಡ ತಪ್ಪು ಎಂದು ಕೇಳಿದರೆ, ಚಿಕ್ಕ ಮಕ್ಕಳಲ್ಲಿ ಹಲವರು 15 ಕಪ್ಪು ಒಡೆದವನದೇ ಎನ್ನುತ್ತಾರೆ. ಒಂಬತ್ತು ಹತ್ತರ ವಯಸ್ಸಿನ ಹೊತ್ತಿಗೆ ಉದ್ದೇಶವನ್ನು ನೋಡಿ ತೀರ್ಮಾನಿಸುವುದು ಬಲವಾಗುತ್ತದೆ. ಕಥೆಯನ್ನು ಸ್ಪಷ್ಟವಾಗಿ ಹೇಳಿದರೆ ಇನ್ನೂ ಚಿಕ್ಕ ಮಕ್ಕಳೂ ಉದ್ದೇಶವನ್ನು ಗಮನಿಸುತ್ತಾರೆ ಎಂದು ನಂತರದವರು ತೋರಿಸಿದ್ದಾರೆ. ಹಾಗಾದರೆ ನಮ್ಮ ಒಂಬತ್ತರ ಹುಡುಗನಿಗೆ ತಿಳಿಯಬೇಕಿತ್ತಲ್ಲ? ಬೇರೆಯವನ ಕಥೆಯಾದರೆ ಅವನಿಗೂ ತಿಳಿಯುತ್ತದೆ. ತನ್ನದೇ ಆದಾಗ ಮಾತ್ರ ನಷ್ಟದ ಗಾತ್ರವೇ ತಪ್ಪಿನ ಗಾತ್ರವಾಗುತ್ತದೆ, ಅವನು ಕಪ್ಪು ಎಣಿಸುವ ವಯಸ್ಸಿಗೆ ಹಿಂದಿರುಗುತ್ತಾನೆ. ದುಃಖದ ಮನೆಯಲ್ಲಿ ದೊಡ್ಡವರೂ ಹೀಗೆಯೇ ಹಿಂದಿರುಗುವುದನ್ನು ನಾನು ಕಂಡಿದ್ದೇನೆ. ಅದಕ್ಕಾಗಿ ಮಗುವನ್ನು ‘ಇಷ್ಟೂ ಗೊತ್ತಾಗಲ್ವಾ’ ಎಂದು ಕೇಳುವುದು ಅನ್ಯಾಯ.

ಇನ್ನೊಂದು ಭೇದ ಅಮೆರಿಕದ ಮನೋವಿಜ್ಞಾನಿ ರೋನಿ ಜಾನಾಫ್-ಬುಲ್‌ಮನ್ ೧೯೭೯ರಲ್ಲಿ ಗುರುತಿಸಿದ್ದು. ‘ನಾನು ಹೀಗೆ ಮಾಡಿದೆ’ ಎಂದು ನಡೆಯನ್ನು ದೂರುವುದು ಬೇರೆ, ‘ನಾನೇ ಕೆಟ್ಟವನು’ ಎಂದು ಸ್ವಭಾವವನ್ನೇ ದೂರುವುದು ಬೇರೆ. ಮೊದಲನೆಯದರಲ್ಲಿ ಮುಂದೆ ಬೇರೆ ರೀತಿ ನಡೆಯಬಹುದೆಂಬ ದಾರಿ ಉಳಿದಿರುತ್ತದೆ, ಎರಡನೆಯದರಲ್ಲಿ ಉಳಿದಿರುವುದಿಲ್ಲ. ನಮ್ಮ ಸುತ್ತಲಿನ ಮಾತುಗಳು ಮಗುವನ್ನು ಮೊದಲನೆಯದರಿಂದ ಎರಡನೆಯದಕ್ಕೆ ತಳ್ಳುತ್ತವೆ ಎಂಬುದನ್ನು ನಾವು ಒಪ್ಪಿಕೊಳ್ಳಲೇಬೇಕು. ಹಾಲು-ತುಪ್ಪದ ದಿನವೋ ತಿಥಿಯ ದಿನವೋ ನೆಂಟರೊಬ್ಬರು ‘ತಮ್ಮನ್ನ ನುಂಗ್ಕೊಂಡ’ ಎಂದುಬಿಡುತ್ತಾರೆ. ‘ಕಾಲ್ಗುಣ’ದ ಮಾತೂ ಬರುತ್ತದೆ. ಹೇಳಿದವರು ಮನೆಗೆ ಹೋಗುವಷ್ಟರಲ್ಲಿ ಮರೆಯುತ್ತಾರೆ. ಬಾಗಿಲ ಸಂದಿಯಲ್ಲಿ ನಿಂತು ಕೇಳಿದ ಮಗು ಮರೆಯುವುದಿಲ್ಲ. ಮನೆಯವರೊಡನೆ ಮಾತನಾಡುವಾಗ ಇಂಥ ಮಾತು ಯಾರಾದರೂ ಆಡಿದ್ದರೇ ಎಂದು ಮೆತ್ತಗೆ ಕೇಳಿ ತಿಳಿಯುವುದನ್ನು ನಾನು ಮೊದಲ ಭೇಟಿಯಲ್ಲೇ ಮಾಡಬೇಕಾದ ಕೆಲಸವೆಂದು ಬರೆದುಕೊಂಡಿದ್ದೇನೆ.

ಕಾನೂನು ಕೂಡ ಇಲ್ಲಿ ಮಗುವಿಗಿಂತ ಮೃದುವಾಗಿದೆ. ಭಾರತೀಯ ನ್ಯಾಯ ಸಂಹಿತೆಯ 20ನೇ ಕಲಮಿನ ಪ್ರಕಾರ ಏಳು ವರ್ಷದೊಳಗಿನ ಮಗು ಮಾಡಿದ್ದು ಯಾವುದೂ ಅಪರಾಧವಲ್ಲ. 21ನೇ ಕಲಮು ಏಳರಿಂದ ಹನ್ನೆರಡರ ನಡುವಿನ, ಪರಿಣಾಮ ತಿಳಿಯುವಷ್ಟು ಬಲಿಯದ ಮಗುವಿಗೂ ಆ ರಕ್ಷಣೆ ಕೊಡುತ್ತದೆ. ಸ್ವಲ್ಪ ದೊಡ್ಡ ಮಕ್ಕಳು ‘ಪೊಲೀಸು ಹಿಡ್ಕೊಂಡು ಹೋಗ್ತಾರಾ’ ಎಂಬ ಭಯವನ್ನು ಹೇಳದೆ ಹೊತ್ತಿರುವುದುಂಟು. ಅದನ್ನು ಕೇಳಿ ನಿವಾರಿಸಬೇಕು.

ಸಿಟ್ಟು ಎಲ್ಲಿ ಹೋಗುತ್ತದೆ

ಬಾಸ್ಟನ್ನಿನಲ್ಲಿ ೧೯೪೨ರಲ್ಲಿ ಕೋಕೋನಟ್ ಗ್ರೋವ್ ಎಂಬ ನೈಟ್‌ಕ್ಲಬ್ಬಿಗೆ ಬೆಂಕಿ ಬಿದ್ದು 492 ಜನ ಸತ್ತರು. ಅಲ್ಲಿ ಆಪ್ತರನ್ನು ಕಳೆದುಕೊಂಡವರೂ ಸೇರಿದಂತೆ ಶೋಕದಲ್ಲಿದ್ದ ಹಲವರನ್ನು ಕಂಡ ಮನೋವೈದ್ಯ ಎರಿಕ್ ಲಿಂಡೆಮನ್ ೧೯೪೪ರ ಲೇಖನದಲ್ಲಿ ತೀವ್ರ ಶೋಕದ ಲಕ್ಷಣಗಳನ್ನು ಪಟ್ಟಿ ಮಾಡಿದಾಗ, ತಪ್ಪಿತಸ್ಥ ಭಾವ ಮತ್ತು ಹಗೆತನದ ಪ್ರತಿಕ್ರಿಯೆ ಎರಡೂ ಅದರಲ್ಲಿ ಸೇರಿದ್ದವು. ಅವರು ಕಂಡದ್ದು ಮುಖ್ಯವಾಗಿ ವಯಸ್ಕರನ್ನು. ಮಕ್ಕಳ ವಿಷಯಕ್ಕೆ ಬ್ರಿಟಿಷ್ ಮನೋವೈದ್ಯ ಜಾನ್ ಬೌಲ್ಬಿ ಹೆಚ್ಚು ನೆರವಾಗುತ್ತಾರೆ: ಅಗಲಿಕೆಗೆ ಮಗುವಿನ ಮೊದಲ ಪ್ರತಿಕ್ರಿಯೆ ಪ್ರತಿಭಟನೆ, ಮತ್ತು ಆ ಸಿಟ್ಟಿನೊಳಗೆ ಹೋದವರನ್ನು ಮರಳಿ ಕರೆಯುವ ಹಂಬಲವಿರುತ್ತದೆ.

ನಮ್ಮ ಹುಡುಗನ ಸಿಟ್ಟಿಗೆ ಮೂರು ಗುರಿಗಳಿವೆ, ಮೂರೂ ಹೇಳಲಾಗದವು. ಬೇಲಿ ಹಾಕದ ಅಪ್ಪ. ಆದರೆ ಅಪ್ಪ ಊಟ ಬಿಟ್ಟು ಜಗಲಿಯಲ್ಲಿ ಕುಳಿತಿದ್ದಾನೆ. ‘ನೋಡ್ಕೊ’ ಎಂದು ಹೇಳಿಹೋದ ಅಮ್ಮ. ಅವಳ ಎದುರು ತಮ್ಮನ ಹೆಸರೆತ್ತಿದರೆ ಅಳುತ್ತಾಳೆ. ಮಾತು ಕೇಳದೆ ಓಡಿದ ತಮ್ಮ. ಸತ್ತವರ ಮೇಲೆ ಸಿಟ್ಟು ಮಾಡಿಕೊಳ್ಳುವುದು ಪಾಪವೆಂದು ಅವನಿಗೆ ಯಾರೂ ಹೇಳಿಕೊಡಬೇಕಿಲ್ಲ. ಹೀಗೆ ಮೂರು ಬಾಗಿಲೂ ಮುಚ್ಚಿದಾಗ ಸಿಟ್ಟು ಸ್ವಲ್ಪ ಪಕ್ಕದ ಬೆಂಚಿನವನ ಮೇಲೂ ಉಳಿದದ್ದೆಲ್ಲ ತನ್ನ ಮೇಲೂ ತಿರುಗುತ್ತದೆ. ಮನೋವಿಶ್ಲೇಷಕ ಫೇರ್‌ಬೇರ್ನ್ ೧೯೪೩ರಲ್ಲಿ ಬೇರೆ ಸಂದರ್ಭದಲ್ಲಿ, ಕೆಟ್ಟ ಮನೆಗಳ ಮಕ್ಕಳ ಬಗ್ಗೆ ಬರೆಯುತ್ತ ಗಮನಿಸಿದ್ದು ಇಲ್ಲಿಗೂ ಹೊಂದುತ್ತದೆ ಎಂದು ನನಗನ್ನಿಸುತ್ತದೆ: ಆಶ್ರಯ ಕೊಡುವವರೇ ತಪ್ಪಿದರು ಎಂದು ನಂಬುವುದಕ್ಕಿಂತ ತಾನೇ ತಪ್ಪಿತಸ್ಥನೆಂದು ನಂಬುವುದು ಮಗುವಿಗೆ ಸುರಕ್ಷಿತವಾಗಿ ಕಾಣುತ್ತದೆ. ಹಾಗೆ ನಂಬಿದರೆ ಕನಿಷ್ಠ ಮನೆಯಾದರೂ ನಿಲ್ಲುತ್ತದೆ.

ಈ ಕಾರಣಕ್ಕಾಗಿಯೇ ಮೊದಲ ದಿನವೇ ‘ಇದು ನಿನ್ನ ತಪ್ಪಲ್ಲ’ ಎಂದು ಹೇಳಿಬಿಡುವುದನ್ನು ನಾನು ಒಪ್ಪುವುದಿಲ್ಲ. ಮಾತು ನಿಜವೇ. ಆದರೆ ಅವನ ಕಥೆ ಕೇಳುವ ಮೊದಲೇ ಅದನ್ನು ಹೇಳಿದರೆ, ‘ಇವರಿಗೆ ನಡೆದದ್ದೇನೆಂದು ಗೊತ್ತಿಲ್ಲ, ಗೊತ್ತಾದರೆ ಹೀಗೆ ಹೇಳುತ್ತಿರಲಿಲ್ಲ’ ಎಂದು ಅವನು ಇನ್ನಷ್ಟು ಒಳಗೆ ಸರಿಯುತ್ತಾನೆ.

ಜೊತೆಗಿರುವುದು

ಮೊದಲು ಅವನ ಕ್ರಮದಲ್ಲೇ ನಡೆದದ್ದನ್ನು ಕೇಳಬೇಕು; ಮಾತು ಬಾರದಿದ್ದರೆ ಚಿತ್ರ, ಜೇಡಿಮಣ್ಣು, ಬೆಣಚುಕಲ್ಲುಗಳನ್ನು ಸಾಲಾಗಿ ಇಡುವುದು. ಅವನು ಕೈ ಹಿಡಿದ ಗಳಿಗೆ ಕಥೆಯಲ್ಲಿ ಹಲವು ಬಾರಿ ಕಾಣೆಯಾಗಿರುತ್ತದೆ, ಬಿಟ್ಟ ಗಳಿಗೆ ಮಾತ್ರ ಉಳಿದಿರುತ್ತದೆ. ‘ಅದಕ್ಕೂ ಮುಂಚೆ?’ ಎಂಬ ಚಿಕ್ಕ ಪ್ರಶ್ನೆ ಅದನ್ನು ಮರಳಿ ತರುತ್ತದೆ. ಆಮೇಲೆ ಅವನು ಕೇಳಿದಾಗ ವಸ್ತುಸ್ಥಿತಿಯನ್ನು ಹೇಳಬಹುದು: ನೆನೆದ ಪ್ಲಾಸ್ಟಿಕ್ ಹಾಳೆಯ ಮೇಲೆ ಪಾಚಿ ಕಟ್ಟಿರುತ್ತದೆ, ಇಳಿಜಾರಿನಲ್ಲಿ ಕಾಲೂರಲು ಜಾಗವಿರುವುದಿಲ್ಲ, ಹಗ್ಗವಿಲ್ಲದೆ ದೊಡ್ಡವರಿಗೂ ಅಲ್ಲಿಂದ ಹತ್ತಿ ಬರುವುದು ಕಷ್ಟ. ಇಂಥ ಭೌತಿಕ ವಿವರ ಮಗುವಿಗೆ ಸಾಂತ್ವನದ ಮಾತಿಗಿಂತ ಹೆಚ್ಚು ನಂಬಲರ್ಹವಾಗಿ ಕಾಣುತ್ತದೆ. ನಡೆದುಹೋದ ಮೇಲೆ ‘ಮುಂಚೆಯೇ ಗೊತ್ತಿತ್ತು’ ಎನ್ನಿಸುವುದು ಎಲ್ಲರ ಮನಸ್ಸಿನ ಗುಣ, ಆ ಹೊತ್ತಿನಲ್ಲಿ ಅವನಿಗೆ ಗೊತ್ತಿದ್ದದ್ದು ಬೇರೆ ಎಂಬುದನ್ನೂ ನಿಧಾನವಾಗಿ ತೋರಿಸಬೇಕು.

ಸಿಟ್ಟಿನ ವಿಷಯದಲ್ಲಿ ಭಾವಕ್ಕೆ ಜಾಗ, ಕೈಗೆ ಎಲ್ಲೆ. ‘ಸಿಟ್ಟು ಬರಲಿ, ಹೊಡೆಯುವುದು ಬೇಡ’ ಎಂಬಷ್ಟು ಸರಳ ಮಾತು ಸಾಕು. ದಿಂಬಿಗೆ ಗುದ್ದಿಸಿ ಸಿಟ್ಟು ಇಳಿಸುವ ಹಳೆಯ ಸಲಹೆಯನ್ನು ಬಿಡಬೇಕು. ಗುದ್ದುವುದರಿಂದ ಸಿಟ್ಟು ಇಳಿಯುವುದಿಲ್ಲ, ಹೆಚ್ಚಬಹುದು ಎಂದು ಪ್ರಯೋಗಗಳು ತೋರಿಸಿವೆ. ‘ನಿದ್ದೆ ಮಾಡ್ತಿದ್ದಾನೆ’, ‘ದೇವರಿಗೆ ಇಷ್ಟವಾದ, ಕರ್ಕೊಂಡ’ ಎಂಬ ಮಾತುಗಳೂ ಬೇಡ. ಮೊದಲನೆಯದರಿಂದ ಮಗು ಮಲಗಲು ಹೆದರುತ್ತದೆ, ಎರಡನೆಯದು ದೇವರನ್ನೂ ಸಿಟ್ಟಿನ ಪಟ್ಟಿಗೆ ಸೇರಿಸುತ್ತದೆ. ಅಪ್ಪ ಒಮ್ಮೆಯಾದರೂ ‘ಬೇಲಿ ಹಾಕಬೇಕಾದವನು ನಾನು, ಅದು ನಿನ್ನ ಕೆಲಸವಲ್ಲ’ ಎಂದು ಮಗನ ಎದುರು ಹೇಳಲು ಸಾಧ್ಯವಾದರೆ, ಅದು ನಮ್ಮ ಹತ್ತು ಭೇಟಿಗಳಿಗೆ ಸಮ. ಅದಕ್ಕೆ ಅಪ್ಪನಿಗೂ ಯಾರಾದರೂ ಆಸರೆಯಾಗಿರಬೇಕು.

ತಮ್ಮನ ಬಳಿಗೆ ಹೋಗುತ್ತೇನೆ ಎಂಬ ಮಾತು ಬಂದರೆ ಆ ದಿನವೇ ಮನೋವೈದ್ಯರಲ್ಲಿಗೆ ಕರೆದೊಯ್ಯಬೇಕು. ದುಃಸ್ವಪ್ನ, ಬೆಚ್ಚಿಬೀಳುವುದು, ನೀರಿನ ಹತ್ತಿರವೂ ಸುಳಿಯದಿರುವುದು ಒಂದು ತಿಂಗಳು ಮೀರಿ ಮುಂದುವರಿದರೂ ತಜ್ಞರು ನೋಡಬೇಕು. ಮಾನಸಿಕ ಆರೋಗ್ಯದ ಟೆಲಿ ಮಾನಸ್ ಸಹಾಯವಾಣಿ 14416, ಮಕ್ಕಳ ಸಹಾಯವಾಣಿ 1098.

ಒಂದು ಅಂಶವನ್ನು ನಾವು ಕಡತದಲ್ಲಿ ಬರೆದಿಡುವುದನ್ನೇ ಮರೆಯುತ್ತೇವೆ. ಮಗು ಬೆಳೆದಂತೆ ಅದೇ ಸಾವನ್ನು ಹೊಸ ಬುದ್ಧಿಯಿಂದ ಮತ್ತೆ ನೋಡುತ್ತದೆ. ಒಂಬತ್ತರಲ್ಲಿ ‘ಕೈ ತಪ್ಪಿತು’ ಎಂದು ಒಪ್ಪಿಕೊಂಡವನು ಹದಿಮೂರರಲ್ಲಿ, ‘ಓಡುವ ಬದಲು ಪಂಪಿನ ಪೈಪು ಎಸೆಯಬಹುದಿತ್ತಲ್ಲ’ ಎಂದು ಕೇಳುತ್ತಾನೆ. ಅಷ್ಟರಲ್ಲಿ ಅವನು ಊರಿನ ಶಾಲೆ ಬಿಟ್ಟು ಹೈಸ್ಕೂಲಿಗೆ ಬಸ್ ಹತ್ತಿರುತ್ತಾನೆ, ಅಲ್ಲಿನ ಶಿಕ್ಷಕರಿಗೆ ಹೊಂಡದ ವಿಷಯ ಗೊತ್ತಿರುವುದಿಲ್ಲ, ಮುಂಗಾರಿನಲ್ಲಿ ಅವನು ಯಾಕೆ ಹುಡುಗರೊಡನೆ ಜಗಳಕ್ಕೆ ನಿಲ್ಲುತ್ತಾನೆಂಬುದೂ ತಿಳಿಯುವುದಿಲ್ಲ. ಏಳನೆಯ ತರಗತಿ ಮುಗಿಯುವಾಗ, ಮನೆಯವರ ಮತ್ತು ಹುಡುಗನ ಒಪ್ಪಿಗೆ ಪಡೆದು, ಹೊಸ ಶಾಲೆಯ ಒಬ್ಬ ಶಿಕ್ಷಕರಿಗಾದರೂ ಈ ವಿಷಯವನ್ನು ಖುದ್ದಾಗಿ ಹೋಗಿ ತಿಳಿಸಬೇಕು.