ಚೀನಾದ ನಿಲುವಂಗಿಗೆ ಬೆನ್ನ ನಡುವೆ ಹೊಲಿಗೆ ಏಕೆ?

ಪ್ರಾಚೀನ ಚೀನಾದ ಉಡುಪನ್ನು ನಾಟಕಕ್ಕೋ ಪ್ರದರ್ಶನಕ್ಕೋ ಹೊಲಿಯಲು ಹೊರಟವರು ಮೊದಲು ಡ್ರ್ಯಾಗನ್ ಕಸೂತಿ ಹುಡುಕುತ್ತಾರೆ. ಅದಕ್ಕಿಂತ ಮೊದಲು ನೋಡಬೇಕಾದ್ದು ಬೆನ್ನ ನಡುವಿನ ಹೊಲಿಗೆ. ಹಾನ್ ರಾಜವಂಶದ ಕಾಲದ (ಕ್ರಿ.ಪೂ. 206–ಕ್ರಿ.ಶ. 220) ಬಟ್ಟೆಯ ಪನ್ನ, ಅಂದರೆ ಅಗಲ, ಅಲ್ಲಿನ ಅಳತೆಯಲ್ಲಿ 2 ಚಿ 2 ಸುನ್, ಸುಮಾರು 50 ಸೆಂ.ಮೀ. ಒಂದು ಥಾನಿನ ಉದ್ದ 4 ಝಾಂಗ್, ಸುಮಾರು 9.2 ಮೀಟರ್. ಇಷ್ಟು ಕಿರಿದಾದ ಬಟ್ಟೆಯಲ್ಲಿ ಒಂದೇ ತುಂಡಿನಿಂದ ಬೆನ್ನು ಮುಚ್ಚುವುದಿಲ್ಲ. ಎರಡು ಪನ್ನ ಬೆನ್ನಲ್ಲಿ ಕೂಡಿಸಿ, ಹೆಗಲ ಮೇಲಿಂದ ಹಾಯಿಸಿ ಮುಂದಕ್ಕೆ ಇಳಿಬಿಡುತ್ತಿದ್ದರು. ಹಾಗಾಗಿ ಹೆಗಲಿಗೆ ಹೊಲಿಗೆಯೇ ಇಲ್ಲ. ತೋಳು ಉದ್ದ ಬೇಕಾದರೆ ಇನ್ನೊಂದು ಪನ್ನದ ಜೋಡಣೆ.

ಈಗಿನ 44 ಇಂಚಿನ ಬಟ್ಟೆ ತಂದು, ನಮ್ಮ ಅಂಗಿಯಂತೆ ಹೆಗಲು ಇಳಿಜಾರು ಕತ್ತರಿಸಿ, ಗುಂಡಗೆ ತೋಳು ಕೂರಿಸಿದರೆ ಅಳತೆ ಸರಿಯಿದ್ದರೂ ಬಟ್ಟೆ ಬೀಳುವ ರೀತಿಯೇ ಬೇರೆಯಾಗುತ್ತದೆ. ಕಂಕುಳ ಕೆಳಗೆ ತೂಗಬೇಕಾದ ನೆರಿಗೆ ಮಾಯವಾಗುತ್ತದೆ.

ನೇರ ಕತ್ತರಿಕೆಗೆ ಅದರದೇ ತೊಂದರೆ ಇದೆ: ಕೈ ಎತ್ತಿದರೆ ಅಂಗಿ ಪೂರ್ತಿ ಮೇಲೇಳುತ್ತದೆ, ಇಲ್ಲವೇ ಕಂಕುಳಲ್ಲಿ ಹರಿಯುತ್ತದೆ. ಹುಬೆ ಪ್ರಾಂತ್ಯದ ಮಾಶಾನ್‌ನಲ್ಲಿ 1982ರಲ್ಲಿ ತೆರೆದ, ಹಾನ್‌ಗಿಂತ ಹಿಂದಿನ ಚು ರಾಜ್ಯದ ಸಮಾಧಿಯ ನಿಲುವಂಗಿಗಳಲ್ಲಿ ಪರಿಹಾರ ಸಿಗುತ್ತದೆ. ತೋಳು, ಮೈ, ಸೊಂಟ ಕೂಡುವಲ್ಲಿ ಒಂದು ಸಣ್ಣ ಆಯತಾಕಾರದ ತುಂಡು. ಜುಬ್ಬಾ ಹೊಲಿಯುವವರಿಗೆ ಇದು ಹೊಸತಲ್ಲ.

ಆರಂಭದಲ್ಲಿ ಮೇಲಂಗಿ ಬೇರೆ, ಕೆಳಗಿನ ಲಂಗ ಬೇರೆ. ಹಾನ್‌ಗಿಂತ ಹಿಂದಿನ ಝೌ ರಾಜವಂಶದ ಕೊನೆಯ ಶತಮಾನಗಳಲ್ಲಿ ಎರಡನ್ನೂ ಬೇರೆಬೇರೆಯಾಗಿ ಕತ್ತರಿಸಿ ಸೊಂಟದಲ್ಲಿ ಕೂಡಿಸಿದ ಶೆನ್‌ಯಿ ಎಂಬ ನಿಲುವಂಗಿ ಬಳಕೆಗೆ ಬಂತು. ಅದರ ಕೆಳಭಾಗಕ್ಕೆ 12 ಪಟ್ಟಿ, ತಿಂಗಳಿಗೊಂದರಂತೆ. ವ್ಯಾಖ್ಯಾನಕಾರರ ಲೆಕ್ಕದಲ್ಲಿ 6 ಪನ್ನಗಳನ್ನು ಓರೆಯಾಗಿ ಎರಡೆರಡಾಗಿ ಸೀಳಿದರೆ 12. ಹೊಲಿಯುವವರು ಒಂದು ಪಟ್ಟಿಯ ಓರೆ ಅಂಚನ್ನು ಪಕ್ಕದ ಪಟ್ಟಿಯ ನೇರ ಅಂಚಿಗೆ ಕೂಡಿಸಬೇಕು. ಓರೆಗೆ ಓರೆ ಸೇರಿದರೆ ಹೊಲಿಗೆ ಜೋತು ಬೀಳುತ್ತದೆ.

ಕ್ರಿ.ಪೂ. 307ರಲ್ಲಿ ಝಾವ್ ರಾಜ್ಯದ ದೊರೆ ವುಲಿಂಗ್ ತನ್ನ ಸೈನ್ಯಕ್ಕೆ ಅಲೆಮಾರಿಗಳ ಗಿಡ್ಡ ಅಂಗಿ, ಷರಾಯಿ ತೊಡಿಸಿದ. ಕುದುರೆ ಮೇಲೆ ಕೂತು ಬಾಣ ಬಿಡಲು ಉದ್ದ ನಿಲುವಂಗಿ ಅಡ್ಡಿ. ಆಸ್ಥಾನದವರು ಗೊಣಗಿದರು, ಆತ ಜಗ್ಗಲಿಲ್ಲ. ನಿಲುವಂಗಿಯೊಳಗೆ ತೊಡುವ ಷರಾಯಿಗೆ ಮಾತ್ರ ಬಹುಕಾಲ ತೊಡೆಸಂದಿಯ ಹೊಲಿಗೆ ಇರಲಿಲ್ಲ. ನಿಲುವಂಗಿಯ ಮುಂಭಾಗವನ್ನು ಮೈಸುತ್ತ ಸುರುಳಿಯಾಗಿ ಸುತ್ತುತ್ತಿದ್ದದ್ದು ಇದಕ್ಕೇ ಎನ್ನುತ್ತಾರೆ. ಮುಚ್ಚಿದ ಷರಾಯಿ ಹರಡಿದಂತೆ ಸುತ್ತು ಬಿಟ್ಟುಹೋಗಿ, ನೇರ ಅಂಚಿನ ನಿಲುವಂಗಿ ಉಳಿಯಿತು.

ಚಾಂಗ್ಶಾ ಬಳಿಯ ಮಾವಾಂಗ್‌ದುಯಿಯಲ್ಲಿ ಶಿನ್ ಝುಯಿ ಎಂಬ ಹಾನ್ ಕಾಲದ ಶ್ರೀಮಂತೆಯ ಸಮಾಧಿಯನ್ನು 1972ರಲ್ಲಿ ಅಗೆದಾಗ ಸುತ್ತುವ ಮತ್ತು ನೇರ, ಎರಡೂ ಬಗೆ ಸಿಕ್ಕವು. ಜತೆಗೆ 128 ಸೆಂ.ಮೀ. ಉದ್ದದ, ತೂಕ 49 ಗ್ರಾಂ ಮಾತ್ರ ಇರುವ ಪಾರದರ್ಶಕ ರೇಷ್ಮೆ ನಿಲುವಂಗಿ. ಅದರ ನೂಲು ಸುಮಾರು 11 ಡೇನಿಯರ್, ಅಂದರೆ 9,000 ಮೀಟರ್ ಎಳೆಗೆ 11 ಗ್ರಾಂ ತೂಕ. ಈಗಿನವರು ಮೊದಮೊದಲು ನೇಯ್ದ ಅದರ ನಕಲು 80 ಗ್ರಾಂ ದಾಟಿತು. ತಪ್ಪು ನೇಕಾರರದಲ್ಲ, ಹುಳುವಿನದು. ಇಂದಿನ ಹುಳು ನಾಲ್ಕು ಜ್ವರ (ಪೊರೆ ಬಿಡುವ ಹಂತ) ಕಳೆದು ದಪ್ಪಗೆ ಬೆಳೆಯುತ್ತದೆ, ಎಳೆಯೂ ದಪ್ಪ. ಮೂರೇ ಜ್ವರದ ಹುಳುವಿನ ಎಳೆ ತೆಳು. ರಾಮನಗರದ ರೀಲರುಗಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇನ್ನು ಮುಂಭಾಗದ ಮಡಿಕೆ. ಎಡ ಅಂಚು ಬಲದ ಮೇಲೆ ಬರಬೇಕು. ತಿರುಗುಮುರುಗಾದರೆ ಅದು ಶವಕ್ಕೆ ಉಡಿಸಿದಂತೆ, ಇಲ್ಲವೇ ಹೊರನಾಡಿನವರ ಉಡುಗೆಯಂತೆ. ಚಿ ರಾಜ್ಯದ ಮಂತ್ರಿ ಗ್ವಾನ್ ಝಾಂಗ್ ಇಲ್ಲದಿದ್ದರೆ ನಾವೂ ಕೂದಲು ಕೆದರಿ ಎಡಮಡಿಕೆ ಅಂಗಿ ತೊಡುತ್ತಿದ್ದೆವು ಎಂದು ಕನ್‌ಫ್ಯೂಷಿಯಸ್ ಹೇಳಿದ್ದು ಇದೇ ಮಡಿಕೆಯನ್ನು ಕುರಿತು. ಫೋಟೊವನ್ನು ಕನ್ನಡಿಯಂತೆ ತಿರುಗಿಸಿ ಅಚ್ಚು ಹಾಕಿದಾಗಲೂ ಇದೇ ಎಡವಟ್ಟು ಆಗುತ್ತದೆ.

ತಾಂಗ್ ರಾಜವಂಶದ ಕಾಲಕ್ಕೆ (ಕ್ರಿ.ಶ. 618–907) ಉತ್ತರದ ಅಲೆಮಾರಿಗಳಿಂದ ಬಂದ ಗುಂಡು ಕತ್ತಿನ ಅಂಗಿ ಅಧಿಕಾರಿಗಳ ಉಡುಪಾಯಿತು. ಮೂರನೇ ದರ್ಜೆ ಮತ್ತು ಮೇಲಿನವರಿಗೆ ನೇರಳೆ ಬಣ್ಣ. ಹೆಂಗಸರ ಲಂಗದ ಕಟ್ಟು ಎದೆಯವರೆಗೆ ಏರಿತು. ಕತ್ತು ಗುಂಡಾದರೂ ಆ ಅಂಗಿ ಮುಚ್ಚುವುದು ಬಲಗಡೆಗೇ, ಬೆನ್ನ ನಡುವಿನ ಹೊಲಿಗೆಯೂ ಇದ್ದಲ್ಲೇ ಇದೆ.