ಬ್ಲೂಸ್ ಸಂಗೀತವನ್ನು ಹೊಸದಾಗಿ ಕೇಳುವವರು ಯಾವ ಆಲ್ಬಮ್‌ನಿಂದ ಆರಂಭಿಸಬೇಕು?

ಓದುಗರ ಪ್ರಶ್ನೆ: ನಾನು ಹಲವು ವರ್ಷಗಳಿಂದ ರಾಕ್ ಸಂಗೀತವನ್ನೂ ಸ್ವಲ್ಪ ಮಟ್ಟಿಗೆ ಜಾಝನ್ನೂ ಕೇಳುತ್ತಿದ್ದೇನೆ. ಎರಡಕ್ಕೂ ಬ್ಲೂಸ್ ಮೂಲವೆಂದು ಎಲ್ಲರೂ ಹೇಳುತ್ತಾರೆ. ಆದರೆ ಹಳೆಯ ಬ್ಲೂಸ್ ಹಾಡುಗಳನ್ನು ಹಾಕಿಕೊಂಡು ಕುಳಿತರೆ ಎಲ್ಲವೂ ಒಂದೇ ತೆರನಾಗಿ ಕೇಳಿಸುತ್ತವೆ, ಸ್ವಲ್ಪ ಹೊತ್ತಿಗೇ ಬೇಸರ ಬರುತ್ತದೆ. ನಾನು ಎಲ್ಲಿಂದ ಆರಂಭಿಸಲಿ?

ಉತ್ತರ: ಈ ಬೇಸರ ನಿಮ್ಮೊಬ್ಬರದಲ್ಲ, ಅದರಲ್ಲಿ ನಿಮ್ಮ ತಪ್ಪೂ ಇಲ್ಲ. ಶಿಫಾರಸಿನ ಪಟ್ಟಿಗಳು ಸಾಮಾನ್ಯವಾಗಿ ಕಾಲಾನುಕ್ರಮದಲ್ಲಿ ಸಾಗುತ್ತವೆ; 1920 ಮತ್ತು 1930ರ ದಶಕಗಳ, ಕರಕರ ಸದ್ದಿನ ಗ್ರಾಮೋಫೋನ್ ತಟ್ಟೆಗಳನ್ನು ಮೊದಲು ಮುಂದಿಟ್ಟು, ಇವು ಅರ್ಥವಾದ ಮೇಲೆ ಮುಂದಿನವು ಎನ್ನುತ್ತವೆ. ಚರಿತ್ರೆ ಬರೆಯುವವರಿಗೆ ಈ ಕ್ರಮ ಸರಿ, ಹೊಸ ಕೇಳುಗರಿಗೆ ಅಲ್ಲ. ನನ್ನ ಸಲಹೆಯೆಂದರೆ, 1965ರಲ್ಲಿ ಬಿಡುಗಡೆಯಾದ ಬಿ.ಬಿ. ಕಿಂಗ್ ಅವರ 'ಲೈವ್ ಅಟ್ ದ ರೀಗಲ್' ಆಲ್ಬಮ್‌ನಿಂದ ಆರಂಭಿಸಿ, ಅಲ್ಲಿಂದ ನಿಧಾನವಾಗಿ ಹಿಂದಕ್ಕೆ ಹೋಗಬೇಕು.

ಅದಕ್ಕೂ ಮೊದಲು, ಎಲ್ಲ ಹಾಡುಗಳೂ ಒಂದೇ ತೆರನಾಗಿ ಕೇಳಿಸುವುದೇಕೆ ಎಂಬುದನ್ನು ನೋಡೋಣ. ಬಹುಪಾಲು ಬ್ಲೂಸ್ ಹಾಡುಗಳ ಚೌಕಟ್ಟು ನಿಜವಾಗಿಯೂ ಒಂದೇ. ನಾಲ್ಕು ನಾಲ್ಕು ಎಣಿಕೆಯ ಹನ್ನೆರಡು ಬಾರ್‌ಗಳ ಒಂದು ಸುತ್ತು. ಷಡ್ಜ, ಮಧ್ಯಮ, ಪಂಚಮಗಳ ಮೇಲೆ ನಿಂತ ಮೂರು ಕಾರ್ಡ್‌ಗಳು, ಅಂದರೆ ಒಟ್ಟಿಗೆ ನುಡಿಸುವ ಸ್ವರಗುಚ್ಛಗಳು. ಸಾಹಿತ್ಯದಲ್ಲಿ ಮೊದಲು ಒಂದು ಸಾಲು, ಮತ್ತೆ ಅದೇ ಸಾಲು, ಆಮೇಲೆ ಅದಕ್ಕೆ ಉತ್ತರವೆಂಬಂತೆ ಮೂರನೆಯ ಸಾಲು. ಪ್ರತಿ ಸಾಲಿಗೆ ನಾಲ್ಕು ಬಾರ್‌ಗಳಿದ್ದರೂ ಹಾಡುವವರು ಸುಮಾರು ಅರ್ಧ ಭಾಗದಲ್ಲೇ ಸಾಲನ್ನು ಮುಗಿಸಿಬಿಡುತ್ತಾರೆ, ಉಳಿದ ಅರ್ಧದಲ್ಲಿ ಗಿಟಾರೋ ಪಿಯಾನೋವೋ ಮೌತ್ ಆರ್ಗನ್ನೋ ಮಾತಾಡುತ್ತದೆ. ಸ್ವಾರಸ್ಯವೆಲ್ಲ ಈ ಉಳಿದ ಅರ್ಧದಲ್ಲಿ, ಅಂದರೆ ಕಂಠಕ್ಕೆ ವಾದ್ಯ ಕೊಡುವ ಉತ್ತರದಲ್ಲಿದೆ. ರಾಗದ ಹೊಸತನಕ್ಕಾಗಿ ಕಾಯುತ್ತ ಕುಳಿತವರಿಗೆ ಅದು ಕೈಗೆ ಸಿಗುವುದಿಲ್ಲ. ಎರಡನೆಯ ಸಂಗತಿ ಗಾಂಧಾರಕ್ಕೆ ಸಂಬಂಧಿಸಿದ್ದು. ಬ್ಲೂಸ್ ಗಾಯಕರು ಹಿಡಿಯುವ ಗಾಂಧಾರ ಅನೇಕ ಸಲ ಹಿಂದೂಸ್ತಾನಿ ಪದ್ಧತಿಯ ಕೋಮಲಕ್ಕೂ ಶುದ್ಧಕ್ಕೂ ನಡುವೆ ಎಲ್ಲೋ ನಿಲ್ಲುತ್ತದೆ, ಅಥವಾ ಒಂದರಿಂದ ಇನ್ನೊಂದಕ್ಕೆ ಜಾರುತ್ತದೆ; ಅದೇ ಹೊತ್ತಿನಲ್ಲಿ ಪಕ್ಕವಾದ್ಯದ ಕಾರ್ಡ್ ಶುದ್ಧ ಗಾಂಧಾರವನ್ನೇ ಹಿಡಿದು ನಿಂತಿರುತ್ತದೆ. ಈ ಘರ್ಷಣೆ ಪಿಯಾನೋದ ಮನೆಗಳಿಗೆ ಒಗ್ಗಿದ ಕಿವಿಗಿಂತ, ಮೀಂಡ್ ಮತ್ತು ಗಮಕಗಳನ್ನು ಕೇಳಿ ಬೆಳೆದ ನಮ್ಮವರ ಕಿವಿಗೆ ಬೇಗ ತಿಳಿಯುತ್ತದೆಂದು ನನ್ನ ಅನಿಸಿಕೆ.

'ಲೈವ್ ಅಟ್ ದ ರೀಗಲ್' ಮೊದಲು ಬರಬೇಕಾದದ್ದು ಇದೇ ಕಾರಣಕ್ಕೆ. 1964ರ ನವೆಂಬರ್ 21ರಂದು ಶಿಕಾಗೋದ ದಕ್ಷಿಣ ಭಾಗದಲ್ಲಿದ್ದ ರೀಗಲ್ ಥಿಯೇಟರಿನಲ್ಲಿ, ಬಹುಪಾಲು ಆಫ್ರಿಕನ್ ಅಮೆರಿಕನ್ನರೇ ತುಂಬಿದ್ದ ಸಭಾಂಗಣದಲ್ಲಿ ಧ್ವನಿಮುದ್ರಣಗೊಂಡ ಈ ಆಲ್ಬಮ್‌ನಲ್ಲಿ ಕಿಂಗ್ ಹಾಡುವಾಗ ಗಿಟಾರ್ ಸುಮ್ಮನಿರುತ್ತದೆ, ಗಿಟಾರ್ ನುಡಿಯುವಾಗ ಅವರು ಸುಮ್ಮನಿರುತ್ತಾರೆ. ಎರಡನ್ನೂ ಒಟ್ಟಿಗೆ ಮಾಡಲು ತಮಗೆ ಬರುವುದಿಲ್ಲವೆಂದು ಅವರೇ ಹೇಳಿಕೊಳ್ಳುತ್ತಿದ್ದರು. ಆ ಮಿತಿಯೇ ಅವರ ಶೈಲಿಯಾಯಿತು. ಸವಾಲು ಜವಾಬು ಇಷ್ಟು ನಿಚ್ಚಳವಾಗಿ ಕೇಳಿಸುವ ಇನ್ನೊಂದು ಆಲ್ಬಮ್ ನನಗೆ ತಿಳಿದಿಲ್ಲ. ಇಲ್ಲಿ ಮೂರನೆಯ ದನಿಯೊಂದೂ ಇದೆ, ಅದು ಸಭೆಯದು. ಆರಂಭದ ಹಾಡು ಮುಗಿದ ಮೇಲೆ ಕಿಂಗ್, ನಿಜವಾದ ಹಳೆಯ ಬ್ಲೂಸ್ ಕೆಲವನ್ನು ಈಗ ಎತ್ತಿಕೊಳ್ಳುತ್ತೇವೆ, ನಿಮಗೆ ನೆನಪಿರುವ ಹಾಡು ಬಂದರೆ ಗದ್ದಲ ಮಾಡಿ ತಿಳಿಸಿ ಎಂಬರ್ಥದ ಮಾತಾಡಿ, ಬಿಡುವಿಲ್ಲದೆ ಮೂರು ಹಾಡುಗಳನ್ನು ಪೋಣಿಸುತ್ತಾರೆ. ಅವುಗಳಲ್ಲಿ ಕೊನೆಯದಾದ 'ಹೌ ಬ್ಲೂ ಕ್ಯಾನ್ ಯೂ ಗೆಟ್' ಹಾಡಿನಲ್ಲಿ ಪ್ರಿಯಕರನೊಬ್ಬ ದೂರಿನ ಪಟ್ಟಿ ಓದುತ್ತಾನೆ: ಹೊಸ ಫೋರ್ಡ್ ಕಾರು ಕೊಡಿಸಿದರೆ ಅವಳು ಕ್ಯಾಡಿಲಾಕ್ ಕೇಳಿದಳು, ಹತ್ತು ಡಾಲರಿನ ಊಟ ಹಾಕಿಸಿದರೆ ತಿಂಡಿ ತಿಂದಂತಾಯಿತೆಂದಳು. ಪ್ರತಿ ದೂರಿಗೂ ಕಿರುಚಾಟ ಏರುತ್ತ ಹೋಗಿ, ಹುಟ್ಟಿದ ಏಳು ಮಕ್ಕಳನ್ನೂ ಅವಳು ವಾಪಸು ಕೊಡಲು ಹೊರಟಿದ್ದಾಳೆಂಬ ಕೊನೆಯ ದೂರಿಗೆ ಇಡೀ ಥಿಯೇಟರು ಸ್ಫೋಟಿಸುತ್ತದೆ. ಬ್ಲೂಸ್ ಎಂದರೆ ಬರೀ ಗೋಳು ಎಂದುಕೊಂಡಿದ್ದವರಿಗೆ ಅಲ್ಲಿರುವ ನಗೆ ಮೊದಲು ಕೇಳಿಸಬೇಕು. ಸುಮಾರು ಮೂವತ್ತೈದು ನಿಮಿಷಗಳ ಈ ಆಲ್ಬಮನ್ನು ಹಾಡು ಬಿಡಿಬಿಡಿಯಾಗಿ ಅಲ್ಲ, ಒಂದೇ ಪಟ್ಟಿಗೆ ಕೇಳಬೇಕು. ಹಾಡುಗಳ ನಡುವಿನ ಮಾತೂ ಅದರ ಭಾಗವೇ.

ಅನಂತರ ಮಡಿ ವಾಟರ್ಸ್ ಅವರ 'ಫೋಕ್ ಸಿಂಗರ್', 1964ರದು. ಇದು ಮೊದಲಿನದಕ್ಕೆ ತದ್ವಿರುದ್ಧ: ಸಭೆಯಿಲ್ಲ, ಎಲೆಕ್ಟ್ರಿಕ್ ಗಿಟಾರ್ ಇಲ್ಲ, ಬ್ಯಾಂಡಿನ ಅಬ್ಬರವಿಲ್ಲ. ಮಿಸಿಸಿಪ್ಪಿಯ ಸ್ಟೋವಾಲ್ ಹತ್ತಿ ತೋಟದಲ್ಲಿ ದುಡಿಯುತ್ತಿದ್ದ ವಾಟರ್ಸ್ ಅವರ ಹಾಡುಗಳನ್ನು 1941ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ಗಾಗಿ ಅಲನ್ ಲೊಮ್ಯಾಕ್ಸ್ ಧ್ವನಿಮುದ್ರಿಸಿಕೊಂಡರು. 1943ರಲ್ಲಿ ವಾಟರ್ಸ್ ಶಿಕಾಗೋಕ್ಕೆ ಹೋದರು. ದಕ್ಷಿಣದ ತೋಟಗಳನ್ನು ಬಿಟ್ಟು ಉತ್ತರದ ಕಾರ್ಖಾನೆಗಳಿಗೆ ವಲಸೆ ಹೋದ ಲಕ್ಷಾಂತರ ಜನರಲ್ಲಿ ಅವರೂ ಒಬ್ಬರು. ಅಲ್ಲಿನ ಕ್ಲಬ್ಬುಗಳ ಗಲಾಟೆಯಲ್ಲಿ ಸಾಧಾರಣ ಗಿಟಾರ್ ಯಾರಿಗೂ ಕೇಳಿಸದ ಕಾರಣ ಎಲೆಕ್ಟ್ರಿಕ್ ಗಿಟಾರ್ ಹಿಡಿದರು, ಶಿಕಾಗೋ ಬ್ಲೂಸ್ ಎಂಬ ಪಂಥಕ್ಕೆ ಮುಖ್ಯರಾದರು. ಇಪ್ಪತ್ತು ವರ್ಷಗಳ ನಂತರ ಅಮೆರಿಕದ ಬಿಳಿಯ ಯುವಜನರಿಗೆ ಜಾನಪದದ ಗೀಳು ಹಿಡಿದಾಗ ಚೆಸ್ ಎಂಬ ಧ್ವನಿಮುದ್ರಣ ಕಂಪನಿ ಅದೇ ವಾಟರ್ಸ್ ಅವರ ಕೈಗೆ ಮತ್ತೆ ಸಾದಾ ಗಿಟಾರ್ ಕೊಟ್ಟು ಈ ಆಲ್ಬಮ್ ಮಾಡಿಸಿತು. ಉದ್ದೇಶ ವ್ಯಾಪಾರದ್ದೇ ಆದರೂ ಫಲ ಅಪೂರ್ವವಾಗಿದೆ. ಎರಡನೆಯ ಗಿಟಾರ್‌ಗೆ ತರುಣ ಬಡ್ಡಿ ಗೈ, ಬಾಸ್‌ಗೆ ವಿಲ್ಲಿ ಡಿಕ್ಸನ್ ಕುಳಿತ ಈ ಮುದ್ರಣದಲ್ಲಿ ಎಷ್ಟು ತೆರವಿದೆಯೆಂದರೆ, ವಾಟರ್ಸ್ ಸಾಲನ್ನು ಎಲ್ಲಿ ತಡೆದು ಹಿಡಿದರು, ಎಲ್ಲಿ ಸಡಿಲ ಬಿಟ್ಟರು, ಬೆರಳಿಗೆ ತೊಟ್ಟ ಸ್ಲೈಡ್ ಕೊಳವೆ ತಂತಿಯ ಮೇಲೆ ಜಾರಿ ಯಾವ ಸ್ವರದ ಅಂಚಿಗೆ ಬಂದು ನಿಂತಿತು ಎಂಬುದೆಲ್ಲ ಸ್ಪಷ್ಟವಾಗಿ ಕೇಳಿಸುತ್ತದೆ. ಹೆಡ್‌ಫೋನ್ ಇದ್ದರೆ ಹಾಕಿಕೊಳ್ಳಿ. ಇದೇ ಗಾಯಕರ ಅಬ್ಬರ ಬೇಕೆನಿಸಿದ ದಿನ ಜಾನಿ ವಿಂಟರ್ ನಿರ್ಮಿಸಿದ 1977ರ 'ಹಾರ್ಡ್ ಅಗೇನ್' ಇದೆ.

ಶಿಕಾಗೋದ ಬ್ಯಾಂಡ್ ಹೇಗಿರುತ್ತಿತ್ತೆಂದು ತಿಳಿಯಲು ಜೂನಿಯರ್ ವೆಲ್ಸ್ ಅವರ 'ಹೂಡೂ ಮ್ಯಾನ್ ಬ್ಲೂಸ್' ಸಾಕು. ಕ್ಲಬ್ಬಿನಲ್ಲಿ ನುಡಿಸುವಂತೆಯೇ ನುಡಿಸಿ ಎಂದು ಡೆಲ್‌ಮಾರ್ಕ್ ಎಂಬ ಸಣ್ಣ ಕಂಪನಿ ಬಿಟ್ಟುಕೊಟ್ಟ ಫಲವಾಗಿ 1965ರಲ್ಲಿ ಬಂದ ಆಲ್ಬಮ್ ಅದು. ಮಧ್ಯೆ ಆಂಪ್ಲಿಫಯರ್ ಕೆಟ್ಟಿದ್ದರಿಂದ ಕೆಲವು ಕಡೆ ಗಿಟಾರನ್ನು ಆರ್ಗನ್ನಿನ ತಿರುಗುವ ಲೆಸ್ಲಿ ಸ್ಪೀಕರಿಗೆ ಜೋಡಿಸಲಾಯಿತು, ಆ ತೇಲುವ ಸದ್ದು ಹಾಗೆಯೇ ಉಳಿಯಿತು. ಗಿಟಾರ್ ವಾದಕ ಇಲ್ಲಿಯೂ ಬಡ್ಡಿ ಗೈ. ಬೇರೆ ಕಂಪನಿಯ ಕರಾರಿನ ಅಂಜಿಕೆಯಿಂದ ಹೊದಿಕೆಯ ಮೇಲೆ ಅವರ ಹೆಸರಿನ ಬದಲು 'ಫ್ರೆಂಡ್ಲಿ ಚ್ಯಾಪ್' ಎಂದು ಮುದ್ರಿಸಿದರು. ಗುಟ್ಟು ಕಾಯಲು ಯಾರೂ ಹೆಚ್ಚು ಶ್ರಮಪಟ್ಟಂತೆ ಕಾಣುವುದಿಲ್ಲ. ಹೌಲಿನ್ ವುಲ್ಫ್ ಅವರ 1959ರ 'ಮೋನಿನ್ ಇನ್ ದ ಮೂನ್‌ಲೈಟ್' ಇದರ ಜೊತೆಗೇ ಇರಲಿ; ಅದರಲ್ಲಿರುವ 'ಸ್ಮೋಕ್‌ಸ್ಟ್ಯಾಕ್ ಲೈಟ್ನಿಂಗ್' ಮೂರು ಕಾರ್ಡ್‌ಗಳ ಚೌಕಟ್ಟನ್ನೇ ಬಿಟ್ಟು ಒಂದೇ ಕಾರ್ಡ್ ಮೇಲೆ ಸಾಗುತ್ತದೆ, ತಂಬೂರಿಯ ಶ್ರುತಿಗೆ ಒಗ್ಗಿದವರಿಗೆ ಅದರಲ್ಲಿ ಕೊರತೆಯೇನೂ ಕಾಣದು.

ಇಷ್ಟಾದ ಮೇಲೆ ರಾಬರ್ಟ್ ಜಾನ್ಸನ್. 1936ರಲ್ಲಿ ಸ್ಯಾನ್ ಆಂಟೋನಿಯೋದ ಹೋಟೆಲೊಂದರಲ್ಲಿ, 1937ರಲ್ಲಿ ಡಲ್ಲಾಸ್‌ನಲ್ಲಿ, ಒಟ್ಟು 29 ಹಾಡುಗಳನ್ನು ಮುದ್ರಿಸಿ, 1938ರಲ್ಲಿ ಇಪ್ಪತ್ತೇಳರ ವಯಸ್ಸಿಗೇ ತೀರಿಹೋದವರು. ನಾಲ್ಕು ದಾರಿ ಕೂಡುವಲ್ಲಿ ಸೈತಾನನಿಗೆ ಆತ್ಮ ಮಾರಿ ಗಿಟಾರ್ ಕಲಿತರೆಂಬ ಕತೆ ಎಲ್ಲರ ಬಾಯಲ್ಲೂ ಇದೆ. ಆ ಕತೆ ಅವರ ಸಾಧನೆಯನ್ನು ಮರೆಮಾಡಿದ್ದೇ ಹೆಚ್ಚು. ಒಂದೇ ಗಿಟಾರಿನಲ್ಲಿ ಮಂದ್ರದ ತಾಳ, ಮೇಲಿನ ತಂತಿಗಳ ಮರುನುಡಿ, ಅದರ ಮೇಲೆ ಹಾಡು, ಮೂರನ್ನೂ ಒಟ್ಟಿಗೆ ನಡೆಸುವ ಅವರ ಕೌಶಲವನ್ನು ಮೇಲಿನ ಆಲ್ಬಮ್‌ಗಳಲ್ಲಿ ಸವಾಲು ಜವಾಬನ್ನು ಗುರುತಿಸಲು ಕಲಿತವರು ಕೂಡಲೇ ಹಿಡಿಯುತ್ತಾರೆ. 1961ರ 'ಕಿಂಗ್ ಆಫ್ ದ ಡೆಲ್ಟಾ ಬ್ಲೂಸ್ ಸಿಂಗರ್ಸ್' ಸಂಕಲನವನ್ನು ತೆಗೆದುಕೊಳ್ಳಿ. ಆದರೆ ಒಂದು ಎಚ್ಚರ: ಇವು ಆಲ್ಬಮ್‌ಗೆಂದು ಹಾಡಿದವಲ್ಲ. ಮೂರು ನಿಮಿಷಕ್ಕೆ ಮುಗಿಯುವ ನಿಮಿಷಕ್ಕೆ 78 ಸುತ್ತು ತಿರುಗುವ ತಟ್ಟೆಗಳಾಗಿ, ಬದಿಗೆ ಒಂದರಂತೆ ಮಾರಲೆಂದು ಹಾಡಿದವು. ಕೊಂಡವರು ಒಂದೊಂದು ಹಾಡನ್ನೇ ಮತ್ತೆ ಮತ್ತೆ ಕೇಳಿದರು. ಹದಿನಾರು ಹಾಡುಗಳನ್ನು ಸಾಲಾಗಿ ಕೇಳಿದಾಗ ಹುಟ್ಟುವ ಬೇಸರಕ್ಕೆ ಸಂಕಲನವೇ ಕಾರಣ. ದಿನಕ್ಕೆ ಎರಡು ಮೂರು ಹಾಡು ಸಾಕು.

ಪಟ್ಟಿಗಳಲ್ಲಿ ಗಿಟಾರ್ ಹಿಡಿದ ಗಂಡಸರೇ ತುಂಬಿರುವುದರಿಂದ ಮರೆತುಹೋಗುವ ಸಂಗತಿಯೊಂದಿದೆ: ಬ್ಲೂಸ್ ಧ್ವನಿಮುದ್ರಣದ ಮಾರುಕಟ್ಟೆಯನ್ನು ತೆರೆದವರು ಹೆಂಗಸರು. 1920ರಲ್ಲಿ ಮ್ಯಾಮಿ ಸ್ಮಿತ್ ಅವರ 'ಕ್ರೇಜಿ ಬ್ಲೂಸ್' ಭರ್ಜರಿಯಾಗಿ ಮಾರಾಟವಾದ ಮೇಲೆಯೇ ಕಂಪನಿಗಳು ಆಫ್ರಿಕನ್ ಅಮೆರಿಕನ್ ಗಾಯಕರನ್ನು ಹುಡುಕಿಕೊಂಡು ಹೊರಟವು. ಬೆಸ್ಸಿ ಸ್ಮಿತ್ ಅವರ ಯಾವುದೇ ಒಳ್ಳೆಯ ಸಂಕಲನದಲ್ಲಿ 1925ರ 'ಸೇಂಟ್ ಲೂಯಿಸ್ ಬ್ಲೂಸ್' ಇರುತ್ತದೆ. ಮೊದಲು ಅದನ್ನು ಕೇಳಿ. ಪಕ್ಕವಾದ್ಯಕ್ಕಿರುವುದು ಎರಡೇ, ಲೂಯಿ ಆರ್ಮ್‌ಸ್ಟ್ರಾಂಗ್ ಅವರ ಕಾರ್ನೆಟ್ ಎಂಬ ತುತ್ತೂರಿ ಮತ್ತು ಒಂದು ಹಾರ್ಮೋನಿಯಂ. ಹಾರ್ಮೋನಿಯಂ ಸ್ವರ ಹಿಡಿದು ನಿಲ್ಲುತ್ತದೆ, ಬೆಸ್ಸಿ ನಿಧಾನವಾಗಿ ಸಾಲು ಎಳೆಯುತ್ತಾರೆ, ಸಾಲು ಮುಗಿದಲ್ಲಿ ಕಾರ್ನೆಟ್ ಅವರದೇ ದನಿಯ ಬಾಗನ್ನು ಅನುಸರಿಸಿ ನುಡಿಯುತ್ತದೆ. ನಮ್ಮ ಸಂಗೀತ ಕಚೇರಿಗಳಲ್ಲಿ ಗಾಯಕರನ್ನು ಹಿಂಬಾಲಿಸುವ ಪಕ್ಕವಾದ್ಯವನ್ನು ಕೇಳಿದವರಿಗೆ ಇದು ಹೊಸದೆನಿಸುವುದಿಲ್ಲ.

ಬ್ಲೈಂಡ್ ವಿಲ್ಲಿ ಜಾನ್ಸನ್ ಎಂಬ ಟೆಕ್ಸಸ್‌ನ ಅಂಧ ಗಾಯಕರ ಹೆಸರನ್ನೂ ಇಲ್ಲೇ ಹೇಳಬೇಕು. ಅವರು ಹಾಡುತ್ತಿದ್ದುದು ಭಕ್ತಿಗೀತೆಗಳನ್ನು, ಆದರೆ ಗಿಟಾರ್ ಪೂರ್ತಿ ಬ್ಲೂಸ್‌ನದು. 1927ರ 'ಡಾರ್ಕ್ ವಾಸ್ ದ ನೈಟ್' ಮುದ್ರಿಕೆಯಲ್ಲಿ ಪದಗಳೇ ಇಲ್ಲ, ಬರೀ ಹೂಂಕಾರದಂಥ ಆಲಾಪ ಮತ್ತು ಸ್ಲೈಡ್. 1977ರಲ್ಲಿ ವಾಯೇಜರ್ ಬಾಹ್ಯಾಕಾಶ ನೌಕೆಗಳಲ್ಲಿ ಕಳಿಸಿದ ಚಿನ್ನದ ಲೇಪದ ತಟ್ಟೆಯಲ್ಲಿ ಈ ಮುದ್ರಿಕೆ ಇದೆ. ಅದೇ ತಟ್ಟೆಯಲ್ಲಿ ಕೇಸರಬಾಯಿ ಕೇರ್ಕರ್ ಅವರ ಭೈರವಿಯೂ ಇದೆ. ಕೇಸರಬಾಯಿ ಅಲ್ಲಾದಿಯಾ ಖಾನರ ಶಿಷ್ಯೆ, ನಮ್ಮ ಮಲ್ಲಿಕಾರ್ಜುನ ಮನ್ಸೂರರು ಕಲಿತದ್ದು ಅದೇ ಖಾನರ ಮಕ್ಕಳಲ್ಲಿ. ಎರಡೂ ಮುದ್ರಿಕೆಗಳನ್ನು ಒಂದರ ಹಿಂದೊಂದು ಕೇಳಿದರೆ, ಸ್ವರವನ್ನು ತಲುಪುವ ದಾರಿ ಸ್ವರದಷ್ಟೇ ಮುಖ್ಯವೆಂಬ ನಂಬಿಕೆ ಎರಡು ಕಡೆಯೂ ಇರುವುದು ಗೊತ್ತಾಗುತ್ತದೆ.

ಬ್ಲೂಸ್ ಅಲ್ಲದಿದ್ದರೂ ಅದರ ಛಾಯೆ ದಟ್ಟವಾಗಿರುವ ಆಲ್ಬಮ್‌ಗಳ ಪೈಕಿ, ಜಾಝ್ ಪರಿಚಯವಿರುವ ನೀವು ಮೈಲ್ಸ್ ಡೇವಿಸ್ ಅವರ 1959ರ 'ಕೈಂಡ್ ಆಫ್ ಬ್ಲೂ' ಕೇಳಿರಬಹುದು. ಅದರ 'ಫ್ರೆಡ್ಡಿ ಫ್ರೀಲೋಡರ್' ಮತ್ತು 'ಆಲ್ ಬ್ಲೂಸ್' ಎರಡೂ ಹನ್ನೆರಡು ಬಾರ್‌ಗಳ ಸುತ್ತಿನಲ್ಲೇ ಇವೆಯೆಂಬುದನ್ನು ಈಗ ಎಣಿಸಿ ನೋಡಿ. ನೀನಾ ಸಿಮೋನ್ ಅವರ 1967ರ ಬ್ಲೂಸ್ ಆಲ್ಬಮ್ ಕೂಡ ಚೆನ್ನಾಗಿದೆ. ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ರೈ ಕೂಡರ್ ಮತ್ತು ಜೈಪುರದ ವಿಶ್ವಮೋಹನ ಭಟ್ಟರ 'ಎ ಮೀಟಿಂಗ್ ಬೈ ದ ರಿವರ್', 1993ರದು. ಒಬ್ಬರದು ಸ್ಲೈಡ್ ಗಿಟಾರ್, ಇನ್ನೊಬ್ಬರದು ಗಿಟಾರನ್ನೇ ಮಾರ್ಪಡಿಸಿ ಮಾಡಿದ ಮೋಹನವೀಣೆ. ಜೊತೆಗೆ ಸುಖ್ವಿಂದರ್ ಸಿಂಗ್ ನಾಮಧಾರಿಯವರ ತಬಲಾ. ಎರಡು ಸಂಗೀತಗಳನ್ನು ಕಲಸಿ ಮಾಡಿದ ಬಹುತೇಕ ಆಲ್ಬಮ್‌ಗಳಲ್ಲಿ ಒಬ್ಬರು ಇನ್ನೊಬ್ಬರಿಗೆ ಅಲಂಕಾರವಾಗಿಬಿಡುತ್ತಾರೆ, ಇಲ್ಲಿ ಹಾಗಾಗಿಲ್ಲ. ಕೂಡರ್ ಮಾಲಿ ದೇಶದ ಅಲಿ ಫರ್ಕಾ ತೂರೆಯವರೊಡನೆ 1994ರಲ್ಲಿ ಮಾಡಿದ 'ಟಾಕಿಂಗ್ ಟಿಂಬಕ್ಟು' ಇದರ ಮುಂದಿನ ಹೆಜ್ಜೆ.

ರಾಕ್ ಕೇಳುಗರಾದ ನಿಮಗೆ ಬ್ರಿಟಿಷ್ ಬ್ಯಾಂಡ್‌ಗಳ ದಾರಿ ಸುಲಭವೆನಿಸಬಹುದು. ಅದು ತಪ್ಪಲ್ಲ, ಆದರೆ ಹಾಡಿನ ಕೆಳಗಿರುವ ರಚನಕಾರರ ಹೆಸರು ಓದುವ ಅಭ್ಯಾಸ ಇಟ್ಟುಕೊಳ್ಳಿ. ಲೆಡ್ ಝೆಪಲಿನ್‌ನ 1969ರ ಮೊದಲ ಆಲ್ಬಮ್‌ನ ಎರಡು ಹಾಡುಗಳು ವಿಲ್ಲಿ ಡಿಕ್ಸನ್ ಅವರವು. ಎರಡನೆಯ ಆಲ್ಬಮ್‌ನ 'ಹೋಲ್ ಲಾಟಾ ಲವ್' ಹಾಡಿನಲ್ಲಿ ಅವರ ಹೆಸರು ಇರಲಿಲ್ಲ. ತಮ್ಮ ಹಾಡಿನಿಂದಲೇ ಅದನ್ನು ಎತ್ತಿಕೊಳ್ಳಲಾಗಿದೆಯೆಂದು ಡಿಕ್ಸನ್ 1985ರಲ್ಲಿ ಮೊಕದ್ದಮೆ ಹೂಡಿದರು, ಎರಡು ವರ್ಷಗಳ ನಂತರ ರಾಜಿಯಾಯಿತು.

ಈಗಿನವರಲ್ಲಿ ಒಬ್ಬರನ್ನಾದರೂ ಕೇಳಬೇಕೆಂದರೆ, 1999ರಲ್ಲಿ ಮಿಸಿಸಿಪ್ಪಿಯ ಕ್ಲಾರ್ಕ್ಸ್‌ಡೇಲ್‌ನಲ್ಲಿ ಹುಟ್ಟಿದ ಕ್ರಿಸ್ಟೋನ್ 'ಕಿಂಗ್‌ಫಿಶ್' ಇಂಗ್ರಮ್ ಅವರ '662' ಎಂಬ 2021ರ ಆಲ್ಬಮ್ ಆರಿಸಿಕೊಳ್ಳಿ. ಹೆಸರಿನಲ್ಲಿರುವ ಅಂಕಿ ಆ ಸೀಮೆಯ ಟೆಲಿಫೋನ್ ಕೋಡ್. ಎದುರಿಗೆ ಕುಳಿತು ಕೇಳಬೇಕೆನಿಸಿದರೆ, 2011ರಲ್ಲಿ ಆರಂಭವಾದ ಮಹೀಂದ್ರಾ ಬ್ಲೂಸ್ ಉತ್ಸವ ಮುಂಬೈನ ಮೆಹಬೂಬ್ ಸ್ಟುಡಿಯೋದಲ್ಲಿ ಸಾಮಾನ್ಯವಾಗಿ ಫೆಬ್ರವರಿಯಲ್ಲಿ ನಡೆಯುತ್ತ ಬಂದಿದೆ. ಮೇಲೆ ಎರಡು ಆಲ್ಬಮ್‌ಗಳಲ್ಲಿ ಹೆಸರು ಬಂದ ಬಡ್ಡಿ ಗೈ ಅಲ್ಲಿಯೂ ನುಡಿಸಿದ್ದಾರೆ.