ಟಿಡಿಎಸ್: ‘ಕಟ್’ ಆದದ್ದು ಬೇರೆ, ಕಟ್ಟಿದ್ದು ಬೇರೆ

ಜೂನ್ ಬಂದರೆ ಸಾಕು, ‘ನಂದೆಲ್ಲಾ ಟ್ಯಾಕ್ಸ್ ಕಟ್ಟಾಗಿದೆ, ಇನ್ನೇನು ರಿಟರ್ನ್ಸ್?’ ಎಂಬ ಮಾತು ಕಚೇರಿಗಳಲ್ಲಿ ಶುರುವಾಗುತ್ತದೆ. ಈಚೆಗೆ ‘ಟಿಡಿಎಸ್ ಪಾವತಿಸಿದ ನೌಕರರು’ ಎಂದು ಅಚ್ಚಾದದ್ದನ್ನೂ ಓದಿದೆ. ಟಿಡಿಎಸ್ ಎಂದರೆ ಹಣ ನಿಮ್ಮ ಕೈಗೆ ಬರುವ ಮೊದಲೇ ಹಿಡಿಯುವ ತೆರಿಗೆ. ನೌಕರರು ಅದನ್ನು ಪಾವತಿಸುವುದಿಲ್ಲ. ಅವರ ಸಂಬಳದಿಂದ ಅದನ್ನು ಹಿಡಿಯುತ್ತಾರೆ. ಸರ್ಕಾರಕ್ಕೆ ಪಾವತಿಸಬೇಕಾದವರು ಸಂಬಳ ಕೊಡುವವರು.

ಗೊಂದಲ ಅರ್ಧ ಕಿವಿಯದು. ಇಂಗ್ಲಿಷಿನ ‘ಕಟ್’ಗೆ ‘ಆಗಿದೆ’ ಸೇರಿ ‘ಕಟ್ಟಾಗಿದೆ’ ಆಯಿತು. ಕಂದಾಯ ಕಟ್ಟು, ಫೀಸು ಕಟ್ಟು, ಕಂತು ಕಟ್ಟು ಎನ್ನುವಾಗಿನ ನಮ್ಮ ‘ಕಟ್ಟು’ ಬೇರೆಯೇ ಮಾತು, ಅದು ‘ಕಟ್ಟಿ ಆಗಿದೆ’. ಆಡುವಾಗ ಎರಡೂ ಒಂದೇ ಥರ ಕೇಳಿಸಿ, ಹಿಡಿದದ್ದೇ ಸಂದಾಯವಾದಂತೆ ತೋರುತ್ತದೆ. ನಮ್ಮ ಹಿರಿಯರು ‘ಸಾಲದ ಬಾಬ್ತು ಸಂಬಳದಲ್ಲಿ ಮುರಿದುಕೊಂಡರು’ ಎನ್ನುತ್ತಿದ್ದರು. ಈ ‘ಮುರಿದುಕೊಳ್ಳು’ ಎಷ್ಟೋ ಖಚಿತ. ಅದರ ‘ಕೊಳ್ಳು’ ಇದೆಯಲ್ಲ, ದುಡ್ಡು ಸದ್ಯಕ್ಕೆ ಮುರಿದವರ ಕೈಯಲ್ಲೇ ಇದೆ ಎಂದು ಅದೇ ಹೇಳುತ್ತದೆ. ಟಿಡಿಎಸ್‌ಗೆ ಸರ್ಕಾರಿ ಕನ್ನಡ ಕೊಟ್ಟ ‘ಮೂಲದಲ್ಲಿ ತೆರಿಗೆ ಕಡಿತ’ದಲ್ಲೂ ತಪ್ಪಿಲ್ಲ. ಹಣ ಎಲ್ಲಿಂದ ನಿಮಗೆ ಹೊರಡುತ್ತದೋ ಅದೇ ಮೂಲ: ಕಂಪನಿ, ಬ್ಯಾಂಕು.

ಮುರಿದುಕೊಂಡದ್ದನ್ನು ಅವರು ಸಾಮಾನ್ಯವಾಗಿ ಮುಂದಿನ ತಿಂಗಳ 7ರೊಳಗೆ, ಮಾರ್ಚಿನದನ್ನು ಏಪ್ರಿಲ್ 30ರೊಳಗೆ, ಸರ್ಕಾರಕ್ಕೆ ಕಟ್ಟಬೇಕು. ಆಮೇಲೆ ಯಾರ ಪ್ಯಾನ್‌ಗೆ ಎಷ್ಟು ಎಂದು ಮೂರು ತಿಂಗಳಿಗೊಮ್ಮೆ ವಿವರಪಟ್ಟಿ ಸಲ್ಲಿಸಬೇಕು. ಆಗಲೇ ಅದು ನಿಮ್ಮ 26ಎಎಸ್‌ನಲ್ಲಿ, ಅಂದರೆ ನಿಮ್ಮ ಪ್ಯಾನ್‌ಗೆ ಜಮೆಯಾದ ತೆರಿಗೆಯ ಇಲಾಖಾ ಪಟ್ಟಿಯಲ್ಲಿ, ಕಾಣುವುದು (ಇಲ್ಲಿ ಹೇಳುವ ಫಾರ್ಮ್‌ಗಳ ಹೆಸರು 2025-26ರ ಲೆಕ್ಕದವು). ಪ್ಯಾನ್‌ನ ಒಂದು ಅಕ್ಷರ ತಪ್ಪಿದರೂ ಸಂಬಳದ ಚೀಟಿಯಲ್ಲಿ ಕಡಿತ ಇರುತ್ತದೆ, 26ಎಎಸ್‌ನಲ್ಲಿ ಇರುವುದಿಲ್ಲ. ಹಾಗಾಗಿ ಸಂಬಳದ ಚೀಟಿಗಳನ್ನು ಫೈಲು ಮಾಡಿಟ್ಟುಕೊಂಡು ನೆಮ್ಮದಿಯಾಗಿ ಕೂರಬೇಡಿ. ಜನವರಿಯಿಂದ ಮಾರ್ಚಿನವರೆಗಿನ ವಿವರ ಸಲ್ಲಿಸಲು ಮೇ 31ರವರೆಗೆ, ಫಾರ್ಮ್ 16 (ಸಂಬಳದ ಟಿಡಿಎಸ್‌ಗೆ ಕಂಪನಿ ಕೊಡುವ ಪ್ರಮಾಣಪತ್ರ) ಕೊಡಲು ಜೂನ್ 15ರವರೆಗೆ ಅವಧಿ ಇದೆ. ಏಪ್ರಿಲ್‌ನಲ್ಲೇ ಎಚ್‌ಆರ್ ಬೆನ್ನು ಹತ್ತುವುದರಲ್ಲಿ ಅರ್ಥವಿಲ್ಲ, ಜೂನ್ ಕಳೆದರೂ ಕೇಳದಿರುವುದು ಇನ್ನೂ ತಪ್ಪು. ಬಂದ ಫಾರ್ಮ್ 16ರ ‘ಎ’ ಭಾಗವನ್ನು 26ಎಎಸ್ ಪಕ್ಕದಲ್ಲಿಟ್ಟು, ತ್ರೈಮಾಸಿಕದ ಮೊತ್ತಗಳನ್ನು ಒಂದೊಂದಾಗಿ ತಾಳೆ ನೋಡಿ. ಠೇವಣಿಯ ಬಡ್ಡಿಗೆ ಬ್ಯಾಂಕು ಕೊಡುವುದು 16ಎ, ಅದು ಬೇರೆ ಕಾಗದ. ಜಂಟಿ ಠೇವಣಿಯಾದರೆ ಸಾಮಾನ್ಯವಾಗಿ ಮೊದಲ ಹೆಸರಿನವರ ಪ್ಯಾನ್‌ನಲ್ಲಿ ಹುಡುಕಬೇಕು.

ಇನ್ನು, ಸರಿಯಾಗಿ ಸಂದಾಯವಾದರೂ ಅದು ಮುಂಗಡವೇ ಹೊರತು ಪೂರ್ತಿ ಲೆಕ್ಕವಲ್ಲ. 1,00,000 ರೂಪಾಯಿ ಬಡ್ಡಿಗೆ ಬ್ಯಾಂಕು ಶೇ 10ರಂತೆ 10,000 ಮುರಿದುಕೊಂಡಿತು ಅನ್ನಿ. ನೀವು ಶೇ 30ರ ಹಂತದವರಾದರೆ ಸೆಸ್ (ತೆರಿಗೆಯ ಮೇಲಿನ ಹೆಚ್ಚುವರಿ ಕರ) ಸೇರಿ ತೆರಿಗೆ 31,200. ಉಳಿದ 21,200 ನೀವೇ ಕಟ್ಟಬೇಕು.

ಕೆಲಸ ಬದಲಿಸಿದವರು ಇದಕ್ಕಿಂತ ದೊಡ್ಡ ಪೆಟ್ಟು ತಿನ್ನುತ್ತಾರೆ. 2025-26ರಲ್ಲಿ ಸೆಪ್ಟೆಂಬರ್‌ವರೆಗೆ ಒಂದು ಕಂಪನಿಯಲ್ಲಿ 8 ಲಕ್ಷ, ಅಲ್ಲಿಂದ ಮಾರ್ಚ್‌ವರೆಗೆ ಇನ್ನೊಂದರಲ್ಲಿ 9 ಲಕ್ಷ ಸಂಬಳ ಬಂತು ಎಂದುಕೊಳ್ಳಿ. ಹಳೆಯ ಲೆಕ್ಕವನ್ನು ಫಾರ್ಮ್ 12ಬಿಯಲ್ಲಿ ಕೊಡದಿದ್ದರೆ ಹೊಸ ಕಂಪನಿಗೆ ಕಾಣುವುದು 9 ಲಕ್ಷ ಮಾತ್ರ. ಹೊಸ ತೆರಿಗೆ ಪದ್ಧತಿಯಲ್ಲಿ ಆದಾಯ 12 ಲಕ್ಷ ದಾಟದಿದ್ದರೆ ಪೂರ್ತಿ ರಿಯಾಯಿತಿ ಇರುವುದರಿಂದ ಆ ಕಂಪನಿ ಒಂದು ರೂಪಾಯಿಯನ್ನೂ ಮುರಿಯುವುದಿಲ್ಲ. ನಿಜವಾದ ಲೆಕ್ಕ 17 ಲಕ್ಷದ್ದು. ಸಂಬಳದವರಿಗೆಲ್ಲ ಸಿಗುವ 75,000 ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದು 16.25 ಲಕ್ಷ, ಅದಕ್ಕೆ ಸೆಸ್ ಸೇರಿ 1,30,000 ತೆರಿಗೆ. ಹಳೆಯ ಕಂಪನಿ ಹಿಡಿದದ್ದನ್ನು ಬಿಟ್ಟು ಮಿಕ್ಕಿದ್ದೆಲ್ಲ ಕೈಯಿಂದಲೇ, ತಡವಾದರೆ ಬಡ್ಡಿ ಸಮೇತ. ಎರಡೂ ಕಡೆಯ ಫಾರ್ಮ್ 16 ಬೇಕು ಎನ್ನುವುದು ಇದಕ್ಕೇ.

ಅತ್ತ ಸಣ್ಣ ಪಿಂಚಣಿದಾರರು ‘ಕಟ್ಟಾಗಿ ಹೋಯ್ತಲ್ಲ, ಬಿಡಿ’ ಎಂದು ಸುಮ್ಮನಾಗುತ್ತಾರೆ. ಅವರಿಗೆ ತೆರಿಗೆಯೇ ಬರುವುದಿಲ್ಲವಾದರೆ ಆ ಹಣ ಅವರದ್ದು, ರಿಟರ್ನ್ಸ್ ಹಾಕಿದರೆ ಮರಳಿ ಬರುತ್ತದೆ. ವರ್ಷದ ಆರಂಭದಲ್ಲೇ ಬ್ಯಾಂಕಿಗೆ ‘ನನಗೆ ತೆರಿಗೆ ಬರುವುದಿಲ್ಲ’ ಎಂಬ ಘೋಷಣೆ (2025-26ರವರೆಗೆ 60 ತುಂಬಿದವರಿಗೆ ಅದು 15ಎಚ್) ಕೊಡುವುದು ಇಂಥವರಿಗಾಗಿ. ಆದರೆ ಘೋಷಣೆ ಕೊಟ್ಟ ಮಾತ್ರಕ್ಕೆ ಬಡ್ಡಿ ತೆರಿಗೆಮುಕ್ತವಾಗುವುದಿಲ್ಲ, ಮುರಿದುಕೊಳ್ಳುವುದು ನಿಲ್ಲುತ್ತದೆ, ಅಷ್ಟೆ. ತೆರಿಗೆ ಬರುತ್ತದೆಂದು ಗೊತ್ತಿದ್ದೂ ಅದಕ್ಕೆ ಸಹಿ ಹಾಕುವುದು ಸುಳ್ಳು ಘೋಷಣೆ.